ಸಮುದ್ರಕ್ಕೆ ಉಪ್ಪು

ಗಂಡ ತೀರಿಕೊಂಡ ಮೇಲೆ ಅಗಾತಾ ಹಳೆಯ ಗೆಳೆಯರೊಂದಿಗೆ ಹಾಯಿದೋಣಿ ಹತ್ತಿದ್ದು ಇದೇ ಮೊದಲು. ಲಿಪಾರಿ ದ್ವೀಪ ಬಿಟ್ಟಾಗಿನಿಂದ ಎಲ್ಲರೂ ಅವಳೊಡನೆ ಅಳೆದು ತೂಗಿ ಮಾತಾಡುತ್ತಿದ್ದರು. ಕನಿಕರಕ್ಕೆ ಕರೆತಂದಿದ್ದಾರೆಂದು ಅವಳ ಮನಸ್ಸು ಕುಗ್ಗಿತ್ತು.

ಎದುರಿಗೆ ಸ್ಟ್ರಾಂಬೋಲಿ ದ್ವೀಪದ ಬೆಂಕಿಬೆಟ್ಟ ಹೊಗೆಯಾಡುತ್ತಿತ್ತು. ಪ್ರತಿ ವರ್ಷ ಈ ಪಯಣದಲ್ಲಿ ಗಂಡ ಮಾಡುತ್ತಿದ್ದ ಹಾಗೆಯೇ ಅವಳು ಸಿಹಿನೀರಿಗೆ ಕಡಲ ನೀರು ಬೆರೆಸಿ ಪಾಸ್ತಾ ಬೇಯಲಿಟ್ಟಳು. ಮನೆಯ ರೂಢಿಗೆ ಬಿದ್ದ ಕೈ ಒಂದು ಹಿಡಿ ಉಪ್ಪನ್ನೂ ಹಾಕಿಬಿಟ್ಟಿತು.

ಎಲ್ಲರೂ ಮಾತಿಲ್ಲದೆ ನುಂಗಿದರು. ಚುಕ್ಕಾಣಿಯ ಬಳಿಯಿದ್ದ ಬಾರ್ತೊಲೊ ಮಾತ್ರ ತಟ್ಟೆ ಕೆಳಗಿಟ್ಟ. "ಲೇ ಅಗಾತಾ, ಸಮುದ್ರಕ್ಕೇ ಉಪ್ಪು ಸಾಲ್ದು ಅನ್ನಿಸ್ತೇನೇ ನಿಂಗೆ? ನಿನ್ ಗಂಡ ಇದ್ದಿದ್ರೆ ಈಜ್ಕೊಂಡು ಮನೆಗೆ ಹೋಗು ಅಂತಿದ್ದ."

ಉಳಿದವರು ತಿನ್ನುವುದನ್ನು ನಿಲ್ಲಿಸಿ ಅವಳತ್ತ ನೋಡಿದರು. ಅಗಾತಾ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳನ್ನು ಒಬ್ಬರು ಬೈದಿದ್ದರು.

"ತಿನ್ನೋ ಸುಮ್ನೆ," ಎಂದು ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.