ಸಾಯುವವರಿಗೆ ಕೊಟ್ಟ ಮಾಫಿ

ತಾವು ಸಾಯುವುದು ಖಚಿತ ಎಂದು ನನ್ನ ಗಂಡ ಖಾಸಿಮಸಾಬರು ತಾವೇ ತೀರ್ಪು ಕೊಟ್ಟುಕೊಂಡಿದ್ದರು. ಡಾಕ್ಟರು ಹಾಗೆ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ತಲೆಬುರುಡೆ ತೆರೆದು ಇವರ ಮಿದುಳಿನ ಗಡ್ಡೆ ತೆಗೆದಿದ್ದರು. ಕ್ಯಾನ್ಸರಲ್ಲ, ಸಾದಾ ಗಡ್ಡೆ. ಆದರೆ ರಕ್ತನಾಳಕ್ಕೆ ಅಂಟಿಕೊಂಡ ಚೂರೊಂದನ್ನು ಮುಟ್ಟದೆ ಬಿಟ್ಟಿದ್ದರು. ಈಗ ಸ್ಕ್ಯಾನಿನಲ್ಲಿ ಆ ಚೂರು ಬೆಳೆದಿತ್ತು. ಈ ಸಲ ಕೊಯ್ಯುವುದಿಲ್ಲ, ಹೊರಗಿನಿಂದಲೇ ಕಿರಣ ಬಿಟ್ಟು ಅದರ ಬೆಳವಣಿಗೆ ನಿಲ್ಲಿಸುತ್ತೇವೆ, ಮರುದಿನ ಮನೆಗೆ ಹೋಗಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ನಾವು ನಂಬಲಿಲ್ಲ. ಮೊದಲ ಸಲವೂ ಏನೂ ಆಗುವುದಿಲ್ಲ ಎಂದೇ ಹೇಳಿ ತಿಂಗಳುಗಟ್ಟಲೆ ಮಲಗಿಸಿದ್ದರಲ್ಲ!

ದೊಡವಾಡದ ನಮ್ಮ ಮನೆಗೆ ಓಣಿಯೇ ಬಂತು. ದೂರ ಹೊರಟವರು, ಜೀವದ ಆಸೆ ಬಿಟ್ಟವರು, ಆಡಿದ್ದು ಅಂದದ್ದು ಮನ್ನಿಸಿ ಎಂದು ಎಲ್ಲರನ್ನೂ ಕೇಳಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಕಹಾಸುನಾ ಮಾಫ್ ಎನ್ನುತ್ತೇವೆ. ಟೆಂಪೋ ಓಡಿಸುತ್ತಿದ್ದಾಗ ಬೈದಿದ್ದ ಹಮಾಲರನ್ನೂ ಬಿಡದೆ ಇವರು ಕೈಹಿಡಿದು ಕೇಳಿದರು. ಪಕ್ಕದ ಮನೆಯ ಶಟ್ಟೆವ್ವನ ಕೋಳಿ ಇವರ ಗಾಲಿಗೆ ಸಿಕ್ಕಿ ಸತ್ತಿದ್ದು ಕೂಡ ಅವತ್ತೇ ಹೊರಬಿತ್ತು.

"ಹೋಗ್ಲಿ ಬಿಡೊ ಯಪ್ಪಾ. ನಾ ಸುಮ್ನ ಓಣ್ಯಾಗಿನ ನಾಯಿಗೆ ಬೈದಿದ್ದೆ," ಎಂದು ಆಕೆ ಕಣ್ಣೊರೆಸಿಕೊಂಡಳು.

ಮುರಗೋಡದಿಂದ ನನ್ನ ತಮ್ಮ ಆಸೀಮ ಮಾತ್ರ ಬರಲಿಲ್ಲ. ಸುದ್ದಿ ಅವನಿಗೂ ಮುಟ್ಟಿತ್ತು, ಆದರೆ ನಾನು ಕರೆದಿರಲಿಲ್ಲ. ಎಂಟು ವರ್ಷದಿಂದ ತವರಿನ ಹೊಸ್ತಿಲು ತುಳಿದಿಲ್ಲ, ಅವನ ಜೊತೆ ಒಂದು ಮಾತಾಡಿಲ್ಲ. ಅಮ್ಮ ತೀರಿಕೊಂಡ ದಿನ ನನಗೆ ಸುದ್ದಿ ಮುಟ್ಟಿದ್ದು ಸಂಜೆಗೆ. ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಕಡೆಯ ಸಲ ಅಮ್ಮನ ಮುಖವೂ ನೋಡಲು ಸಿಗಲಿಲ್ಲ. "ಮುಂಜಾನೆನ ಭಾಯಿಗೆ ಫೋನ್ ಮಾಡಿದ್ದೆ ಆಪಾ," ಎಂದು ಆಸೀಮ ಗೋಳಾಡಿದ. ಅಕ್ಕನಾದ ನಾನು ಅವನಿಗೆ ಆಪಾ, ಭಾವನಾದ ಇವರು ಭಾಯಿ. ಆಗ ನಮ್ಮ ಮನೆಯಲ್ಲಿದ್ದದ್ದು ಇವರ ಫೋನೊಂದೇ. ಯಾವ ಫೋನೂ ಬಂದಿಲ್ಲ ಎಂದು ಇವರೆಂದರು. ನಾನು ಗಂಡನನ್ನು ನಂಬಿದೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮರಗಟ್ಟುವ ಸೂಜಿ ಕೊಟ್ಟು, ಇವರ ತಲೆಗೆ ಲೋಹದ ಚೌಕಟ್ಟೊಂದನ್ನು ಸ್ಕ್ರೂ ಹಾಕಿ ಬಿಗಿದರು. ಕಿರಣ ಗುರಿ ತಪ್ಪದಿರಲು ತಲೆ ಅಲುಗಬಾರದಂತೆ. ಸ್ಕ್ಯಾನ್ ಮುಗಿಸಿ, ಲೆಕ್ಕಾಚಾರ ಆಗುವವರೆಗೆ ಹೊರಗೆ ಕೂರಿಸಿದರು. ಇವರು ನನ್ನ ಕೈ ಹಿಡಿದುಕೊಂಡರು.

"ರೋಶನ್, ನಿನ್ನ ಒಬ್ಬಾಕಿನ್ನ ಕೇಳೂದು ಉಳದೈತಿ."

"ನನ್ನ ಕಡೆ ಏನ ಕೇಳ್ತೀರಿ? ಸುಮ್ನ ಕುಂದರ್ರಿ."

"ಆಸೀಮ ಅವತ್ತು ಮುಂಜಾನೆನ ಫೋನ್ ಮಾಡಿದ್ದ."

ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಅವತ್ತು ಎಂದರೆ ಯಾವತ್ತೆಂದು ಹೊಳೆಯಿತು.

"ಆಗ... ಆಗ ಅಮ್ಮಾ ಇದ್ಲೇನ್ರಿ?"

"ಇದ್ಲು. ನಿನ್ನ ಹೆಸರ ಹಿಡದ ಕರ್ಯಾಕ ಹತ್ಯಾಳ, ಲಗೂನ ಕರಕೊಂಡ ಬರ್ರಿ ಅಂದ. ಗಾಡ್ಯಾಗ ಉಳ್ಳಾಗಡ್ಡಿ ತುಂಬಿತ್ತು. ಬೈಲಹೊಂಗಲಕ್ಕ ಹಾಕಿ ಬಂದು ಹೇಳಿದ್ರಾತು ಅಂದ್ಕೊಂಡೆ. ಅಷ್ಟರಾಗ ಎಲ್ಲಾ ಮುಗದಿತ್ತು. ಆಮ್ಯಾಲ ಹೇಳಾಕ ಧೈರ್ಯ ಬರಲಿಲ್ಲ."

ಉಳ್ಳಾಗಡ್ಡಿ! ಒಂದು ಗಾಡಿ ಈರುಳ್ಳಿಗಾಗಿ! ಅಮ್ಮ ಕರೆಯುತ್ತಿದ್ದಳು, ನಾನಿಲ್ಲಿ ಏನೂ ಅರಿಯದೆ ರೊಟ್ಟಿ ಬಡಿಯುತ್ತಿದ್ದೆ. ಅಷ್ಟರಲ್ಲಿ ನರ್ಸ್ ಇವರ ಹೆಸರು ಕೂಗಿದಳು. ತಲೆಗೆ ಸ್ಕ್ರೂ ಹಾಕಿಸಿಕೊಂಡು ಸಾಯಲು ಹೊರಟವರಿಗೆ ಯಾವ ಹೆಂಡತಿ ಇಲ್ಲ ಎಂದಾಳು?

"ಮಾಫ್ ಮಾಡೀನಿ, ಹೋಗ್ರಿ," ಎಂದೆ.

ಒಂದು ತಾಸಿನಲ್ಲಿ ಹೊರಗೆ ಬಂದರು. ನಡೆದುಕೊಂಡು! ಚೌಕಟ್ಟು ಬಿಚ್ಚಿದ್ದರು. ಹಣೆಯ ಮೇಲೆ ಪಟ್ಟಿ ಬಿಟ್ಟರೆ ಏನೂ ಇಲ್ಲ, ಕೂದಲೂ ಇದ್ದ ಹಾಗೇ ಇತ್ತು. "ಹಸಿವ್ಯಾಗೇತಿ," ಎಂದರು. ನಾನು ಅವರನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದೆ. ಗಡ್ಡೆ ಹೋಯಿತೇ ಎಂದು ಡಾಕ್ಟರನ್ನು ಕೇಳಿದೆ. ಅದು ಅಲ್ಲೇ ಇರುತ್ತದೆ, ಬೆಳೆಯದಿದ್ದರೆ ಸಾಕು, ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಿರಬೇಕು ಎಂದರು.

ಊರಿನಲ್ಲಿ ಜನ ಮತ್ತೆ ಸೇರಿದರು. ಶಟ್ಟೆವ್ವ ಇವರ ತಲೆಯನ್ನು ಮುಟ್ಟಿ ಮುಟ್ಟಿ ನೋಡಿ, "ಹಂಗಾರ ನನ್ನ ಕೋಳಿ ಕೊಡು!" ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕೊಟ್ಟ ಮಾಫಿ ಬಾಯೊಳಗಿನ ಬಿಸಿ ತುಪ್ಪವಾಗಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ.

ಜನ ಹೋದ ಮೇಲೆ, ಊಟಕ್ಕೆ ಕೂತವರ ಎದುರು ಕೂತೆ.

"ಸಾಯಾವ್ರಿಗೆ ಅಂತ ಮಾಫ್ ಮಾಡಿದ್ದೆ. ನೀವು ಬದುಕೀರಿ. ನಾನೂ ಅಲ್ಲಾನ ಮುಂದ ದುವಾ ಮಾಡಿ ಅದನ್ನ ಬೇಡಿದ್ದೆ. ಆದ್ರ ಆಸೀಮಗ ನಾ ಯಾವ ಮಾರಿ ತೋರಿಸ್ಲಿ?"

ರೊಟ್ಟಿ ಮುರಿಯುತ್ತಿದ್ದ ಅವರ ಕೈ ನಿಂತಿತು. ನಾನು ಫೋನ್ ಹಚ್ಚಿದೆ. ತಮ್ಮನ ನಂಬರು ಇನ್ನೂ ಬಾಯಿಪಾಠವಿತ್ತು.

"ಆಸೀಮಾ, ನಾನು."

ಆ ಕಡೆ ಏನೋ ಕೆಳಗೆ ಬಿದ್ದ ಸಪ್ಪಳವಾಯಿತು.

"ಆಪಾ! ಭಾಯಿ ಹೋದ್ರೇನು? ಈಗ ಹೊಂಟೆ ನಾ. ನಾ ಬರೂಮಟಾ ಮಣ್ಣಿಗೆ ಒಯ್ಯಬ್ಯಾಡ್ರಿ, ಆಪಾ, ನಿನ್ನ ಕಾಲ ಬೀಳ್ತೇನಿ!"

ಫೋನನ್ನು ಗಂಡನ ಕೈಗಿಟ್ಟೆ.

"ಹೇಳ್ರಿ," ಎಂದೆ. "ನೀವ ಹೇಳ್ರಿ."