ಬೆನ್ನು ತೋರಿಸದ ಬ್ಯಾಂಡ್ ಮೇಷ್ಟ್ರು

ಹುಣಸೂರಿನ ಮಕ್ಕಳ ವಾದ್ಯವೃಂದದ ಮೇಷ್ಟ್ರು ರುದ್ರಸ್ವಾಮಿಯ ಹಣೆಬರಹ ಆ ಶನಿವಾರ ಸಂಜೆ ತೀರ್ಮಾನವಾಗಬೇಕಾಗಿತ್ತು. ಮೈಸೂರಿನಿಂದ ಬರುವ ಗ್ರಾಂಟು ಸಾಹೇಬರು ಮಕ್ಕಳ ಕಛೇರಿ ಕೇಳಿ ತಲೆದೂಗಿದರೆ ಅವನ ಹಂಗಾಮಿ ಕೆಲಸ ಖಾಯಂ ಆಗುತ್ತಿತ್ತು. ಇಲ್ಲವಾದರೆ ಬೆಟ್ಟದಪುರಕ್ಕೆ ಹಿಂತಿರುಗಿ ಅಣ್ಣನ ಹೊಗೆಸೊಪ್ಪಿನ ಹೊಲದಲ್ಲಿ ಹುಳ ಆರಿಸಬೇಕಾಗಿತ್ತು. ಹುಳ ಆರಿಸುವುದಕ್ಕೆ ಅವನ ಅಭ್ಯಂತರವೇನೂ ಇರಲಿಲ್ಲ, ಹೆದರಿಕೆ ಇದ್ದದ್ದು ಅತ್ತಿಗೆಯ ಬಾಯಿಗೆ. ಅದನ್ನೂ ಸಹಿಸಬಹುದಿತ್ತು. ಆದರೆ ಈ ಮಕ್ಕಳನ್ನು ಬಿಟ್ಟು ಹೋಗುವುದು ಅವನಿಂದಾಗದ ಮಾತು.

ಹುಣಸೂರಿಗೆ ವಾದ್ಯವೃಂದ ಅಂಟಿಕೊಂಡದ್ದು ಒಬ್ಬ ಬಿಳಿ ದೊರೆಯಿಂದ. ತೇಗದ ವ್ಯಾಪಾರ ಮಾಡುತ್ತಿದ್ದ ಆತ ಕಡಲಾಚೆಯ ತನ್ನ ಸೀಮೆಯಿಂದ ಪೈಪ್ ಆರ್ಗನ್ ಎಂಬ ವಾದ್ಯವನ್ನು ಹಡಗಿನಲ್ಲಿ ತರಿಸಿದ. ಅದನ್ನು ಎತ್ತಿನ ಗಾಡಿಗಳಲ್ಲಿ ಘಟ್ಟ ಹತ್ತಿಸಿ, ತನ್ನ ಬಂಗಲೆಯ ಹಜಾರದ ಗೋಡೆಗೆ ಸೇರಿಸಿ ನಿಲ್ಲಿಸಿದ. ಅದು ಸರಿಯಾಗಿ ಕೂಗಲು ಶುರು ಮಾಡುವ ಹೊತ್ತಿಗೆ ವ್ಯಾಪಾರ ಮುಳುಗಿ ಆತ ಸೀಮೆಗೆ ಹೊರಟುಹೋದ, ಬಂಗಲೆಯೂ ಆರ್ಗನ್ನೂ ಊರಿನ ಪಾಲಾದವು. ಆಳೆತ್ತರದ ತವರದ ಕೊಳವೆಗಳ ಸಾಲು, ಅದರ ಮುಂದೆ ಹಾರ್ಮೋನಿಯಮ್ಮಿನಂತೆ ಬೆರಳಾಡಿಸುವ ಮನೆಗಳು, ಹಿಂದೆ ಗೋಡೆಯಲ್ಲಿ ಕೊರೆದ ಕತ್ತಲೆ ಸಂದಿಯಲ್ಲಿ ಕುಲುಮೆಯ ತಿದಿಗೆ ಅಪ್ಪನಂಥ ಒಂದು ಚರ್ಮದ ತಿದಿ. ಯಾರಾದರೂ ಹಿಂದೆ ನಿಂತು ಅದರ ಕೋಲು ಹಿಡಿದು ತಿದಿ ಒತ್ತಿದರೆ ಗಾಳಿ, ಗಾಳಿ ಇದ್ದರೆ ಸ್ವರ. ಊರಿನವರು ಅದಕ್ಕೆ ಊದುಗೋಡೆ ಎಂದು ಹೆಸರಿಟ್ಟರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ, ಊರಿಗೆ ಸರಿಯಾದ ಚರಂಡಿ ಬರುವ ಮೊದಲೇ ಆರ್ಗನ್ ಬಂದಿತ್ತು.

ತಿದಿ ಹರಿದಾಗ ಅದಕ್ಕೆ ತೇಪೆ ಹಾಕಲು ಬಂದವನು ಚರ್ಮದ ಕೆಲಸದ ಅಬ್ದುಲ್ ಖಾದರ್. ಅಪ್ಪನಿಗೆ ಊಟ ತಂದ ಮಗಳು ಜಮೀಲುನ್ನೀಸಾ ಸುಮ್ಮನಿರಲಾರದೆ ಮನೆಗಳ ಮೇಲೆ ಬೆರಳಿಟ್ಟಳು. ಹಾಗೆ ಇಟ್ಟ ಬೆರಳನ್ನು ಆಮೇಲೆ ಯಾರಿಂದಲೂ ತೆಗೆಸಲಾಗಲಿಲ್ಲ. ಅವಳ ಚಿಕ್ಕಪ್ಪನ ಮಗ ಖದೀರ್ ಪಿಟೀಲು ಹಿಡಿದ. ಪಿರಿಯಾಪಟ್ಟಣದ ಕಡೆಯ ಒಕ್ಕಲಿನ ಹುಡುಗರು ಕ್ಲಾರಿನೆಟ್ಟು, ಕೊಂಬುಗಳನ್ನು ಊದಿದರು. ಹೊಲದಲ್ಲಿ ಹಂದಿ ಓಡಿಸಿ ಬೆಳೆದವರಿಗೆ ಎದೆಯ ದಮ್ಮು ಚೆನ್ನಾಗಿತ್ತು. ಒಂದು ಕಾಲಕ್ಕೆ ಮೈಸೂರಿನಲ್ಲಿ ಅರಮನೆ ಬ್ಯಾಂಡಿನ ಕೊನೇ ಸಾಲಿನಲ್ಲಿ ಕೂತು ಊದಿದ್ದ ರುದ್ರಸ್ವಾಮಿ ಈ ಮಕ್ಕಳ ಮುಂದೆ ತಾಳದ ಕೋಲು ಹಿಡಿದು ನಿಂತಾಗ ತಾನೇ ಅರಮನೆ ಎಂದುಕೊಳ್ಳುತ್ತಿದ್ದ.

ಶನಿವಾರ ಮಧ್ಯಾಹ್ನ ಕೊನೆಯ ತಾಲೀಮು ನೋಡಲು ವಾದ್ಯವೃಂದದ ಸಮಿತಿಯ ಅಧ್ಯಕ್ಷ ಮಹದೇವಪ್ಪ ಬಂದರು. ನಿವೃತ್ತ ಶಿರಸ್ತೇದಾರರು. ಪೆನ್ಷನ್ ಬಂದರೂ ದರ್ಪಕ್ಕೆ ನಿವೃತ್ತಿ ಬಂದಿರಲಿಲ್ಲ. ಅವರು ಸಾಹೇಬರ ಕುರ್ಚಿಯಲ್ಲಿ ತಾವೇ ಕೂತು ಪರೀಕ್ಷಿಸಿದರು, ಆಮೇಲೆ ಮುಖ ಕೆಂಪಗೆ ಮಾಡಿಕೊಂಡು ಎದ್ದರು.

“ಮೇಷ್ಟ್ರೇ, ಸಾಹೇಬರು ಕೂರೋದು ಇಲ್ಲಿ, ನೀವು ನಿಲ್ಲೋದು ಅಲ್ಲಿ. ಕಛೇರಿ ಮುಗಿಯೋವರೆಗೂ ಅವರು ನಿಮ್ಮ ಯಾವ ಭಾಗವನ್ನ ನೋಡ್ತಾ ಕೂತಿರಬೇಕು ಅಂತ?”

“ಬ್ಯಾಂಡಲ್ಲಿ ಅಂಗೇ ಕಣ್ರೀ ಸ್ವಾಮಿ. ಮಕ್ಕಳು ನನ್ನ ಕೈ ನೋಡ್ಬೇಕಲ್ವಾ.”

“ನಾನು ದರ್ಬಾರಿನಲ್ಲಿ ಮಹಾರಾಜರಿಗೆ ನಜರು ಕಾಣಿಕೆ ಒಪ್ಪಿಸಿ ಹಿಂದಹಿಂದಕ್ಕೇ ನಡೆದು ಬಾಗಿಲು ದಾಟಿದೋನು. ಕಂಬಕ್ಕೆ ತಲೆ ಬಡೀತು. ಆದರೂ ತಿರುಗಲಿಲ್ಲ.” ಮಹದೇವಪ್ಪ ಪೇಟ ತೆಗೆದು ತಲೆಯ ಹಿಂಭಾಗದ ಗಾಯದ ಗುರುತನ್ನು ಎಲ್ಲರಿಗೂ ತೋರಿಸಿದರು. “ದೊಡ್ಡವರಿಗೆ ಬೆನ್ನು ತೋರಿಸಿ ಖಾಯಂ ಆದೋನು ಈ ಸಂಸ್ಥಾನದಲ್ಲಿ ಒಬ್ಬನೂ ಇಲ್ಲ. ಸಭೆ ಕಡೆ ಮುಖ ಮಾಡಿ ನಿಂತ್ಕೊಳ್ಳಿ. ಕೈ ಅಲ್ಲೇ ಆಡಿಸಿ, ಯಾರು ಬೇಡ ಅಂದ್ರು?”

“ಆಗ ಮಕ್ಕಳಿಗೆ ಕಾಣೋದು ನನ್ನ ಬೆನ್ನು ಸ್ವಾಮಿ.”

“ಮಕ್ಕಳೇನು ಗ್ರಾಂಟು ಕೊಡ್ತಾರಾ?”

ಮಹದೇವಪ್ಪನವರ ಕಣ್ಣು ಆಮೇಲೆ ಆರ್ಗನ್ನಿನ ಕಡೆ ತಿರುಗಿತು. ಅಲ್ಲಿ ಜಮೀಲುನ್ನೀಸಾ ಗೋಡೆಗೆ ಮುಖ ಮಾಡಿ ಕೂತಿದ್ದಳು. ಮೇಷ್ಟ್ರ ಕೈ ಕಾಣಲೆಂದು ಅವಳ ತಲೆಯ ಮೇಲೊಂದು ಸಣ್ಣ ಕನ್ನಡಿ ತೂಗುಹಾಕಿತ್ತು.

“ಈ ಹುಡುಗೀದೂ ಅದೇ ಕಥೆ. ಇದನ್ನ ತಿರುಗಿಸಿ.”

“ಅದು ಗೋಡೆಗೆ ಸೇರ್ಕೊಂಡದೆ. ಗೋಡೆ ತಿರುಗಿಸ್ಬೇಕಾಯ್ತದೆ ಸ್ವಾಮಿ.”

ಮಹದೇವಪ್ಪ ಗೋಡೆಯನ್ನು ಒಮ್ಮೆ ನೋಡಿದರು. ಸಮಯವಿದ್ದಿದ್ದರೆ ಆಳು ಕರೆಸುತ್ತಿದ್ದರೇನೋ. ಅಷ್ಟರಲ್ಲಿ ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದ ಹುಡುಗಿಯ ಅಜ್ಜಿ ಬಷೀರಾಬಿ ಬಾಯಿ ಹಾಕಿದಳು.

“ನಮ್ ಹುಡುಗಿ ಮೊಖ ಸಭೇಗೆ ಕಾಣ್ಬಾರ್ದು ಅಂತ ಮೊದ್ಲೇ ಮಾತಾಗದೆ. ಬೆನ್ನು ಕಾಣ್ಲಿ ಬುಡಿ. ಬೆನ್ನು ಅಲ್ಲಾನೇ ಕೊಟ್ಟಿದ್ದು.”

ಒಬ್ಬರಿಗೆ ಬೆನ್ನು ಕಾಣಬಾರದು, ಇನ್ನೊಬ್ಬರಿಗೆ ಮುಖ ಕಾಣಬಾರದು. ಕೊನೆಗೆ ಆರ್ಗನ್ನಿಗೂ ಉಳಿದ ಮಕ್ಕಳಿಗೂ ನಡುವೆ ಒಂದು ಪರದೆ ಕಟ್ಟಿಸಿದರು. ಇಬ್ಬರಿಗೂ ಸಮಾಧಾನವಾಯಿತು. ಕನ್ನಡಿಯಲ್ಲಿ ಈಗ ಪರದೆಯ ಹೂವು ಬಿಟ್ಟರೆ ಬೇರೇನೂ ಕಾಣುತ್ತಿಲ್ಲ ಎಂದು ಜಮೀಲುನ್ನೀಸಾ ಹೇಳಿದ್ದನ್ನು ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ರುದ್ರಸ್ವಾಮಿ ಮಕ್ಕಳನ್ನು ಕರೆದು ಕೂರಿಸಿದ. “ನೋಡ್ರಪ್ಪಾ, ಸಂಜೆ ನಾನು ಮುಂದೆ ಇರ್ತೀನಿ, ಆದ್ರೆ ಇಲ್ಲ ಅಂದ್ಕಳಿ. ಒಬ್ರನ್ನೊಬ್ರು ಕೇಳ್ಕಂಡು ನುಡಿಸಿ.”

“ಸತ್ತೋದೋರ ತರಾನಾ ಸಾ?” ಎಂದ ಖದೀರ್.

“ಊಂ ಕಣೋ, ಅಂಗೇ” ಎಂದ ರುದ್ರಸ್ವಾಮಿ. ಅವನಿಗೆ ನಗು ಬರಲಿಲ್ಲ.

ಸಂಜೆ ಹಜಾರ ತುಂಬಿತು. ಮುಂದೆ ಸಾಹೇಬರು, ಅವರ ಪಕ್ಕದಲ್ಲಿ ಮಹದೇವಪ್ಪ, ಹಿಂದೆ ಹುಣಸೂರಿನ ವರ್ತಕರು, ಅವರ ಹಿಂದೆ ಮಕ್ಕಳ ಅಪ್ಪಂದಿರು, ಒಂದು ಬದಿಯಲ್ಲಿ ಹೆಂಗಸರು. ತಿದಿ ಒತ್ತಲು ಕಟ್ಟೆಮಳಲವಾಡಿಯ ರೈತ ಜವರಯ್ಯ ಎಂದಿನಂತೆ ಆರ್ಗನ್ನಿನ ಹಿಂದಿನ ಸಂದಿಗೆ ಇಳಿದ. ನಾಲೆಯ ಕೆಳಗೆ ಗದ್ದೆಯಿದ್ದ ಅವನಿಗೆ ಈ ಕೆಲಸ ಹೊಟ್ಟೆಪಾಡಲ್ಲ. ಬಿಡುವಿದ್ದಾಗ ಬಂದು, ಅಷ್ಟು ದೊಡ್ಡ ಸದ್ದು ತನ್ನ ರಟ್ಟೆಯಿಂದ ಹೊರಡುತ್ತದಲ್ಲ ಎಂದು ಹಿಗ್ಗಿ ಹೋಗುತ್ತಿದ್ದ.

ರುದ್ರಸ್ವಾಮಿ ಸಾಹೇಬರಿಗೆ ನಮಸ್ಕರಿಸಿ, ಅವರಿಗೇ ಮುಖ ಮಾಡಿ ನಿಂತು ಕೋಲೆತ್ತಿದ. ಬೆನ್ನ ಹಿಂದೆ ಮಕ್ಕಳು ವಾದ್ಯ ಎತ್ತಿಕೊಂಡದ್ದು ಕೇಳಿಸಿತು. ಕೋಲು ಇಳಿಸಿದ. ಪರದೆಯ ಆಚೆಯಿಂದ ಆರ್ಗನ್ ತುಂಬು ದನಿಯಲ್ಲಿ ಎದ್ದಿತು. ಖದೀರನ ಪಿಟೀಲು ಅದರ ಹೆಗಲ ಮೇಲೆ ಕೂತು ಹೊರಟಿತು. ಸರಿಯಾಗಿ, ಒಂದೇ ಏಟಿಗೆ.

ಈಗ ಇನ್ನೊಂದು ಪೀಕಲಾಟ ಶುರುವಾಯಿತು. ಮಕ್ಕಳು ನುಡಿಸುತ್ತಿದ್ದದ್ದು ಮೂರೆಣಿಕೆಯಲ್ಲಿ ಸಾಗುವ ಸೀಮೆಯ ಮಟ್ಟು, ಬ್ಯಾಂಡಿನವರ ಮಾತಿನಲ್ಲಿ ಗತ್ತು. ಮಹದೇವಪ್ಪನವರಿಗೆ ಹುಟ್ಟಿನಿಂದ ಗೊತ್ತಿದ್ದದ್ದು ಎಂಟೆಣಿಕೆಯ ಆದಿತಾಳ. ಅವರು ಕಣ್ಣು ಮುಚ್ಚಿ, ತೊಡೆ ತಟ್ಟಿ, ಬೆರಳು ಮಡಿಸಿ ತಾಳ ಹಾಕಲು ತೊಡಗಿದರು. ಅಧ್ಯಕ್ಷರು ಹಾಕಿದ ಮೇಲೆ ಸಭೆ ಬಿಡುತ್ತದೆಯೇ? ವರ್ತಕರೂ ತಟ್ಟಿದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಎದುರಿಗೇ ನಿಂತ ರುದ್ರಸ್ವಾಮಿಗೆ ಇದು ಕಣ್ಣಿಗೆ ಕಸ ಬಿದ್ದಂತಾಯಿತು. ಮಕ್ಕಳಂತೂ ತನ್ನ ಕೈ ನೋಡುತ್ತಿಲ್ಲ, ನೋಡುತ್ತಿರುವವರು ಇವರೇ ತಾನೇ ಎಂದು ಅವನು ಸಭೆಗೇ ಕೋಲು ಬೀಸಿದ. ಒಂದು ಎರಡು ಮೂರು, ಒಂದು ಎರಡು ಮೂರು. ಮೊದಲು ವರ್ತಕರು ಸರಿಹೋದರು. ಆಮೇಲೆ ಅಪ್ಪಂದಿರು. ಕೊನೆಗೆ ಕಣ್ಣು ತೆರೆದ ಮಹದೇವಪ್ಪ, ತಾವೊಬ್ಬರೇ ಬೇರೆ ಊರಿನಲ್ಲಿರುವುದನ್ನು ಕಂಡು, ಕೆಮ್ಮಿ, ಮೂರಕ್ಕೆ ಇಳಿದರು. ಇಡೀ ಹಜಾರ ಮೂರೆಣಿಕೆಯಲ್ಲಿ ತೊಡೆ ತಟ್ಟಿತು.

ಆ ಸದ್ದು ಜವರಯ್ಯನ ಕಿವಿಗೂ ಬಿತ್ತು. ಇಷ್ಟು ದಿನ ಕೇಳದ ಚಪ್ಪಾಳೆ ಇದೇನು ಎಂದು ಅವನು ತಿದಿಯ ಕೋಲನ್ನು ಹಾಗೇ ಬಿಟ್ಟು, ಪರದೆಯ ಅಂಚಿನಿಂದ ತಲೆ ಹೊರಗೆ ಹಾಕಿದ. ಸಾಹೇಬರಿಗೂ ಅವನಿಗೂ ಕಣ್ಣು ಕಣ್ಣು ಸೇರಿತು. ಅದೇ ಹೊತ್ತಿಗೆ ಆರ್ಗನ್ ಉಬ್ಬಸದ ಮುದುಕನ ಹಾಗೆ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

ರುದ್ರಸ್ವಾಮಿಯ ಕೋಲು ಗಾಳಿಯಲ್ಲೇ ನಿಂತಿತು. ತಿರುಗಬೇಕು. ತಿರುಗಿ ಒಂದು ಸನ್ನೆ ಮಾಡಿದರೆ ಮಕ್ಕಳು ಉಳಿಯುತ್ತಾರೆ, ನಾನು ಬೆಟ್ಟದಪುರಕ್ಕೆ ಹೋಗುತ್ತೇನೆ. ಹೀಗೆ ಯೋಚಿಸುವಾಗಲೇ ಇನ್ನೊಂದು ಯೋಚನೆ ಕಳ್ಳನ ಹಾಗೆ ನುಗ್ಗಿತು: ಕೆಡಲಿ, ಪೂರ್ತಿ ಕೆಟ್ಟುಹೋಗಲಿ, ನಾನಿಲ್ಲದಿದ್ದರೆ ಏನಾಗುತ್ತದೆಂದು ಎಲ್ಲರೂ ನೋಡಲಿ. ತನ್ನ ಮಕ್ಕಳು ಬೀಳಲೆಂದು ತಾನೇ ಹಾರೈಸಿದೆನಲ್ಲ ಎಂದು ಅವನಿಗೆ ಆ ಕ್ಷಣವೇ ನಾಚಿಕೆಯಾಯಿತು. ಏನೇ ಆಗಲಿ ಎಂದು ತಿರುಗಲು ಕಾಲು ಎತ್ತಿದ.

ಕಾಲು ನೆಲಕ್ಕೆ ಬರುವ ಮೊದಲೇ ಖದೀರನ ಪಿಟೀಲು ಒಂಟಿಯಾಗಿ ಮುಂದೆ ನಡೆಯಿತು. ಕ್ಲಾರಿನೆಟ್ಟಿನ ಹುಡುಗ ಮೆಲ್ಲಗೆ ಅದಕ್ಕೆ ಜೊತೆ ಕೊಟ್ಟ. ಜವರಯ್ಯ ಒಳಗೆ ಓಡಿ ತಿದಿಯ ಮೇಲೆ ಬಿದ್ದ. ಜಮೀಲುನ್ನೀಸಾ ಕನ್ನಡಿಯಿಲ್ಲದೆ, ಕೈ ಸನ್ನೆಯಿಲ್ಲದೆ, ಕಿವಿಯೊಂದರಿಂದಲೇ ಜಾಗ ಹುಡುಕಿ, ಎಲ್ಲಿ ಸೇರಬೇಕೋ ಅಲ್ಲೇ ಬಂದು ಸೇರಿದಳು. ರುದ್ರಸ್ವಾಮಿ ಎತ್ತಿದ ಕಾಲನ್ನು ಇದ್ದಲ್ಲೇ ಇಳಿಸಿದ. ಕಣ್ಣಲ್ಲಿ ನೀರು ತುಂಬಿತು. ಅರ್ಧ ಸಂತೋಷಕ್ಕೆ, ಅರ್ಧ ಹೊಟ್ಟೆಯುರಿಗೆ. ಯಾವುದು ಎಷ್ಟೆಂದು ಅವನನ್ನು ಕೇಳಿದ್ದರೂ ಹೇಳುತ್ತಿರಲಿಲ್ಲ.

ಗತ್ತು ಮುಗಿದಾಗ ಸಭೆ ನಾಟಕದ ಕಂಪನಿಗೆ ಕೂಗುವಂತೆ “ಒನ್ಸ್ ಮೋರ್” ಎಂದು ಕೂಗಿತು. ಮಕ್ಕಳು ಇನ್ನೊಮ್ಮೆ ನುಡಿಸಿದರು. ಈ ಸಲವೂ ತಪ್ಪಲಿಲ್ಲ.

ಸಾಹೇಬರು ಎದ್ದು ಮಾತಾಡಿದರು. ಗ್ರಾಂಟು ಮಂಜೂರು ಎಂದಾಗ ಹಜಾರವೇ ಕುಣಿಯಿತು. ಆಮೇಲೆ ಅವರು ಮಹದೇವಪ್ಪನವರನ್ನೂ ಮೇಷ್ಟ್ರನ್ನೂ ಪಕ್ಕಕ್ಕೆ ಕರೆದರು.

“ಮಕ್ಕಳು ಯಾರ ಹಂಗೂ ಇಲ್ಲದೆ ನುಡಿಸ್ತಾರೆ. ಬಹಳ ಸಂತೋಷ. ಒಂದೇ ಸಲ ತೊಂದರೆ ಆದದ್ದು, ಆ ಹಿಂದಿನ ಮನುಷ್ಯ ಹೊರಗೆ ಬಂದಾಗ. ಆತನ ಕೆಲಸ ಅಗತ್ಯವಾದದ್ದು. ಅದನ್ನ ಖಾಯಂ ಮಾಡ್ತೀನಿ.” ಅವರು ರುದ್ರಸ್ವಾಮಿಯನ್ನು ಮರುಕದಿಂದ ನೋಡಿದರು. “ಇವರು ಸಭಿಕರಿಗೆ ತಾಳ ಕಲಿಸಿದ್ದು ಚೆನ್ನಾಗೇ ಇತ್ತು. ಆದರೆ ಅದಕ್ಕೊಂದು ಹುದ್ದೆ ಅಂತ ಸರ್ಕಾರ ಕೊಡೋಕಾಗುತ್ತಾ?”

ರುದ್ರಸ್ವಾಮಿ ಮಹದೇವಪ್ಪನವರ ಕಡೆ ನೋಡಿದ. ಬೆನ್ನು ತೋರಿಸಬೇಡವೆಂದವರು ನೀವೇ ಅಲ್ಲವೇ, ಹೇಳಿ ಎಂಬಂತೆ. ಮಹದೇವಪ್ಪ ಪೇಟ ಸರಿಮಾಡಿಕೊಂಡರು. “ಸಾಹೇಬರು ಹೇಳಿದ ಮೇಲೆ ಮುಗೀತು” ಎಂದು ಹಿಂದಹಿಂದಕ್ಕೇ ಹೆಜ್ಜೆಯಿಟ್ಟು ಬಾಗಿಲು ದಾಟಿದರು.

ಖಾಯಂ ಆದ ಸುದ್ದಿ ಕೇಳಿ ಜವರಯ್ಯ ಹೆದರಿಹೋದ.

“ನಾಟಿ ಕಾಲದಾಗೆ ನಾನಿಲ್ಲಿ ಗಾಳಿ ಒತ್ಕಂಡು ಕುಂತ್ರೆ ಗದ್ದೆ ಯಾರು ನೋಡ್ತಾರೆ? ನನ್ನೆಡ್ತಿ ನನ್ನೇ ನಾಟಿ ಆಕ್ತಾಳೆ. ಸರ್ಕಾರದ ಕೆಲ್ಸ ನಂಗ್ಯಾಕೆ ಕಣ್ರೀ. ಬೇಕಾದ್ರೆ ನೀವು ಇಡ್ಕಳಿ ಮೇಷ್ಟ್ರೇ.”

ಆ ರಾತ್ರಿ ರುದ್ರಸ್ವಾಮಿ ಟ್ರಂಕಿಗೆ ಬಟ್ಟೆ ತುಂಬಿದ, ತೆಗೆದ, ಮತ್ತೆ ತುಂಬಿದ. ಮಾನ ದೊಡ್ಡದು, ನಿಜ. ಆದರೆ ಮಾನವನ್ನು ಬೆಟ್ಟದಪುರಕ್ಕೆ ಹೊತ್ತುಕೊಂಡು ಹೋಗಿ ಅದನ್ನು ಅಲ್ಲಿ ಯಾರಿಗೆ ನುಡಿಸಿ ತೋರಿಸುವುದು?

ಸೋಮವಾರ ಮಧ್ಯಾಹ್ನ ಅವನು, ಜವರಯ್ಯ ಬೇಡವೆಂದ ಕೆಲಸವನ್ನು ಒಪ್ಪಿಕೊಂಡು, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಆರ್ಗನ್ನಿನ ಹಿಂದಿನ ಸಂದಿಗೆ ಇಳಿದ. ಹಳೇ ಚರ್ಮದ ವಾಸನೆ, ಹೆಗ್ಗಣದ ವಾಸನೆ. ಆಚೆ ಕಡೆ ಮಕ್ಕಳು ಯಾರು ಮೊದಲು ಎಂದು ಜಗಳವಾಡುವುದು ಕೇಳುತ್ತಿತ್ತು. ಬೈಯಲು ಬಾಯಿ ತೆರೆದವನು, ಆ ಅಧಿಕಾರ ಈಗ ತನಗಿಲ್ಲವೆಂದು ಮುಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ಯಾರೋ ಹಲಗೆಯನ್ನು ಬೆರಳಿನಿಂದ ತಟ್ಟಿದರು.

“ಮೇಷ್ಟ್ರೇ, ಶುರು ಮಾಡ್ಲಾ?” ಜಮೀಲುನ್ನೀಸಾಳ ದನಿ.

“ನನ್ನ ಕೇಳ್ಬೇಡ ಕಣಮ್ಮ. ನಾನೀಗ ಮೇಷ್ಟ್ರಲ್ಲ, ಗಾಳಿಯೋನು.”

ಹುಡುಗಿ ಮತ್ತೆ ಹಲಗೆ ತಟ್ಟಿದಳು.

“ಗಾಳಿ ಇಲ್ದೆ ನಾನು ಎಂಗೆ ಶುರು ಮಾಡ್ಲಿ ಮೇಷ್ಟ್ರೇ? ನೀವು ಒತ್ತಿದ್ರೆ ತಾನೆ.”

ಇಷ್ಟು ವರ್ಷದಲ್ಲಿ ಯಾರೂ ಅವನಿಗೆ ಈ ಮಾತನ್ನು ಇಷ್ಟು ನೇರವಾಗಿ ಹೇಳಿರಲಿಲ್ಲ. ರುದ್ರಸ್ವಾಮಿ ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡ. ತಿದಿಯ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದ.