ಹಿಡಿಯವರೆಗಿನ ನಡಿಗೆ

ಬೀನ್ಸಿನ ನಾರು ತೆಗೆಯುತ್ತಿದ್ದ ವರ್ಲಿನ್, ಹೆಂಡತಿ ಲೊರೀನ್ ತಂದು ಮೇಜಿನ ಮೇಲಿಟ್ಟ ಪೊಟ್ಟಣವನ್ನು ನೋಡಿ ಕೈ ನಿಲ್ಲಿಸಿದ. ವಿಳಾಸ ಬರೆದದ್ದು ಹಳೆಯ ಗೆಳೆಯ ಆರ್ವಿಲ್‌ನ ಕೈ. ಅಕ್ಷರ ಮೊದಲಿಗಿಂತ ನಡುಗಿತ್ತು.

"ನಾಲ್ಕು ಮೈಲಿ ಆಚೆಯ ಮನೆ. ಪೊಟ್ಟಣ ಮಾತ್ರ ಅಂಚೇಲಿ ದೂರದ ಇಂಡಿಯಾನಾಪೊಲಿಸ್ ನಗರ ಸುತ್ತಿ ಬರ್ಬೇಕು. ಅಂಚೆಯವರನ್ನ ಸಾಕ್ತಿರೋರು ನೀವಿಬ್ರೇ," ಅಂದಳು ಲೊರೀನ್.

ಒಳಗಿದ್ದದ್ದು ವರ್ಲಿನ್ನೇ ಮಾಡಿಕೊಟ್ಟ ಟೈಮರ್. ನಡುವೆ ನಿಂತವನ ಕೈಯಲ್ಲಿನ ಎರಡು ತಂತಿಗಳ ತುದಿಯಲ್ಲಿ ಗಿರಗಿರ ಸುತ್ತುವ ಬ್ಯಾಟರಿಯ ಮಾದರಿ ವಿಮಾನದ ಹೊಟ್ಟೆಯಲ್ಲಿ ಕೂರುವ ಪುಟ್ಟ ಹಸಿರು ಹಲಗೆ. ಗುಂಡಿ ಒತ್ತಿದರೆ ತುಸು ಹೊತ್ತು ಸುಮ್ಮನಿದ್ದು ಮೋಟಾರು ತಿರುಗಿಸುತ್ತದೆ, ಹಾರಾಟ ಮುಗಿಯುವ ವೇಳೆಗೆ ತಾನೇ ನಿಲ್ಲಿಸುತ್ತದೆ. ಮೊದಲಿನ ಆ ಸುಮ್ಮನಿರುವ ಹೊತ್ತು, ಒಂಟಿಯಾಗಿ ಹಾರಿಸುವವನು ವಿಮಾನದ ಬಳಿಯಿಂದ ಬಯಲಿನ ನಡುವಿಗೆ ನಡೆದು ಹೋಗಿ ತಂತಿಯ ಹಿಡಿಯನ್ನು ಕೈಗೆ ತೆಗೆದುಕೊಳ್ಳಲಿಕ್ಕೆ.

ಜೊತೆಗೊಂದು ಚೀಟಿ: "ಇನ್ನೂ ಸ್ವಲ್ಪ ಹೊತ್ತು ಕಾಯುವ ಹಾಗೆ ಮಾಡು."

"ಮತ್ತೆ ಅದೇನಾ?" ಲೊರೀನ್ ಕೇಳಿದಳು.

"ಮೊದಲು ಹದಿನೈದು ಸೆಕೆಂಡು ಸಾಕಾಗಿತ್ತು. ಆಮೇಲೆ ಮೂವತ್ತು ಮಾಡಿಸ್ಕೊಂಡ. ಈಗ ಅದೂ ಸಾಲ್ತಿಲ್ಲ."

"ಅವನ ಮೊಣಕಾಲು ಕೈಕೊಟ್ಟಿದೆ. ಹೋದ ತಿಂಗಳು ಹಿಡಿ ಹತ್ರ ಹೋಗೋವಾಗ ಬಿದ್ನಂತೆ. ಅವನ ಮಗಳು ಚರ್ಚಲ್ಲಿ ಹೇಳಿದ್ಲು."

"ನನಗೆ ಹೇಳ್ಲೇ ಇಲ್ವಲ್ಲ ನೀನು."

"ಅವನ ಹೆಸರೆತ್ತಿದ್ರೆ ಎದ್ದು ಹೋಗ್ತೀಯಲ್ಲ ಮಾರಾಯ."

ವರ್ಲಿನ್ ಈಗಲೂ ಎದ್ದ. ಆದರೆ ಹೋದದ್ದು ಕೆಲಸದ ಮೇಜಿಗೆ.

ಮೂವತ್ತು ವರ್ಷ ಆರ್ವಿಲ್‌ನ ವಿಮಾನದ ಬಾಲವನ್ನು ಮಂಡಿಯೂರಿ ಹಿಡಿದವನು ವರ್ಲಿನ್. ಆರ್ವಿಲ್ ಜೇಬಿನಲ್ಲಿ ಕೈ ಇಟ್ಟುಕೊಂಡು ಆರಾಮಾಗಿ ನಡುವಿಗೆ ಹೋಗಿ, ಹಿಡಿ ಎತ್ತಿಕೊಂಡು, ಹೆಬ್ಬೆರಳು ತೋರಿಸುವನು. ಆಗ ಇವನು ಬಿಡುವನು. ಒಂದು ಆಗಸ್ಟ್‌ನಲ್ಲಿ ಹಾರಾಟದ ಕ್ಲಬ್ಬಿನವರು ಸ್ಪರ್ಧೆಗೆ ವರ್ಲಿನ್‌ನನ್ನೇ ತೀರ್ಪುಗಾರನಾಗಿ ಕೂರಿಸಿದರು. ಆರ್ವಿಲ್ ವಿಮಾನದಿಂದ ಗಾಳಿಯಲ್ಲಿ ಬರೆದ ಚೌಕಮೂಲೆಯ ಎಂಟಂಕಿಯಲ್ಲಿ ಮೂಲೆಗಳು ದುಂಡಗಾಗಿದ್ದವು. ಕಂಡ ಹಾಗೆ ಅಂಕ ಹಾಕಿದ. ಆರ್ವಿಲ್‌ಗೆ ಬಹುಮಾನದ ಕಪ್ ಕೂದಲೆಳೆಯಲ್ಲಿ ತಪ್ಪಿತು.

"ಇಷ್ಟು ವರ್ಷ ಬಾಲ ಹಿಡಿದೋನಿಗೆ ಮೂಲೆ ಕಾಣ್ಲಿಲ್ವೇನೋ?" ಕೇಳಿದ ಆರ್ವಿಲ್.

"ಬಾಲ ಹಿಡಿದೋನಿಗೇ ಕಾಣೋದು. ದುಂಡಗಿತ್ತು."

ದುಂಡಗೇ ಇತ್ತು. ಇವತ್ತು ಕೂರಿಸಿದರೂ ಅದೇ ಅಂಕ ಹಾಕಿಯಾನು. ಆದರೆ ಆ ಸಂಜೆ ಲೊರೀನ್ ಮಾಡಿದ ಪೀಚ್ ಕಡುಬು ಮನೆಯಲ್ಲಿತ್ತು; ಬಾರೋ ತಿನ್ನೋಣ ಅನ್ನಬಹುದಿತ್ತು. ಅನ್ನಲಿಲ್ಲ. ಮರುವಸಂತದಲ್ಲಿ ಆರ್ವಿಲ್ ನೆಲಕ್ಕೊಂದು ಗೂಟ ಹೊಡೆದು, ವಿಮಾನವನ್ನು ಅದಕ್ಕೆ ಸಿಕ್ಕಿಸಿ, ನಡುವಿನಿಂದಲೇ ಹಗ್ಗ ಎಳೆದು ಬಿಡಿಸಿಕೊಳ್ಳುವುದನ್ನು ಕಲಿತ. ಇವನ ಕೆಲಸವನ್ನು ಗೂಟ ಮಾಡಿತು. ಟೈಮರ್ ಬೇಕೆಂಬ ಚೀಟಿ ಮಾತ್ರ ಅಂಚೆಯಲ್ಲಿ ಬಂತು; ವರ್ಲಿನ್ ಮಾಡಿ ಅಂಚೆಯಲ್ಲೇ ಕಳಿಸಿದ.

ಟೈಮರ್ ಬಂದಾಗಲೆಲ್ಲ ವರ್ಲಿನ್ ಒಂದು ಕಾಗದ ಬರೆಯಲು ಕೂತಿದ್ದ. ಎರಡು ಸಾಲು ಬರೆದು ಹರಿದು, ಬರಿಯ ಟೈಮರ್ ಕಳಿಸಿದ್ದ. ಸೆಕೆಂಡು ಹೆಚ್ಚಿಸಿ ಕೊಡುತ್ತಾ ಹೋದರೆ, ಸ್ನೇಹಿತ ಕುಂಟುತ್ತಾ ಒಬ್ಬನೇ ನಡೆಯಲಿಕ್ಕೆ ಅನುಕೂಲ ಮಾಡಿಕೊಟ್ಟಷ್ಟೇ ಆಯಿತು. ಮುಂದೊಂದು ವಸಂತಕ್ಕೆ ಪೊಟ್ಟಣವೇ ಬರುವುದಿಲ್ಲ.

ವರ್ಲಿನ್ ಟೈಮರ್ ಕಾಯುವ ಹೊತ್ತನ್ನು ಐದು ಸೆಕೆಂಡಿಗೆ ಇಳಿಸಿದ.

"ಐದಾ?" ಬೆನ್ನ ಹಿಂದೆ ನಿಂತಿದ್ದ ಲೊರೀನ್ ಕೇಳಿದಳು. "ಅವನು ಬಗ್ಗಿದ್ದು ಏಳೋದ್ರೊಳಗೆ ಮೂತಿಯ ಫ್ಯಾನು ತಿರುಗುತ್ತೆ. ಬೆರಳು ಹೋದಾವು."

"ಅದಕ್ಕೇ ಕಾಗದ ಇಲ್ದೆ ಕಳಿಸೋ ಹಾಗಿಲ್ಲ."

ಮಧ್ಯಾಹ್ನವೆಲ್ಲ ಕೂತು ಬರೆದ:

"ಓದಿದ ಮೇಲೇ ಇದನ್ನು ವಿಮಾನಕ್ಕೆ ಹಾಕು, ಐದೇ ಸೆಕೆಂಡಿಗೆ ಇಳಿಸಿದ್ದೇನೆ. ನಿನ್ನ ಮೂಲೆ ದುಂಡಗಿತ್ತು. ಅದನ್ನು ಹೇಳಿದ ಮೇಲೂ ನಾನು ನಿನ್ನನ್ನು ನಮ್ಮ ಮನೆಗೆ ಕರೆದುಕೊಂಡು ಬರಬೇಕಿತ್ತು. ಗುಂಡಿ ಇನ್ನು ನೀನು ಒತ್ತಬೇಡ, ಒತ್ತಲು, ಬಾಲ ಹಿಡಿಯಲು ನಾನು ಬರುತ್ತೇನೆ. ಬೇಡವೆಂದರೆ ಟೈಮರ್ ವಾಪಸು ಕಳಿಸು, ಒಂದು ನಿಮಿಷಕ್ಕೆ ಹಾಕಿ ಕೊಡುತ್ತೇನೆ."

"ಕಾರಲ್ಲಿ ಹೋಗಿ ಕೊಟ್ಟು ಬಾರಪ್ಪ," ಅಂದಳು ಲೊರೀನ್.

"ಮುಖ ಕಂಡ್ರೆ ಮತ್ತೆ ಮೂಲೆ ಮಾತೇ ಬರುತ್ತೆ."

ಮರುದಿನ ಪೊಟ್ಟಣವನ್ನು ರಸ್ತೆಯಂಚಿನ ತಮ್ಮ ಅಂಚೆಪೆಟ್ಟಿಗೆಯಲ್ಲಿಟ್ಟು, ಒಯ್ಯಲು ಏನೋ ಇದೆಯೆಂದು ಅಂಚೆಯವನಿಗೆ ತೋರಿಸುವ ಕೆಂಪು ಬಾವುಟ ಎತ್ತಿದ. ಮನೆಯೊಳಗೆ ಹೋಗಲು ಮನಸ್ಸಾಗದೆ, ಅಂಚೆಯ ಬಂಡಿ ಬಂದು ಅದನ್ನು ಒಯ್ಯುವವರೆಗೂ ಅಲ್ಲೇ ನಿಂತ.